ನೈಸಿಯದ ಮೊದಲು, ನೈಸಿಯದ ನಂತರ

ತಂದೆ, ಮಗ (ಯೇಸು ಕ್ರಿಸ್ತ), ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರೆಂಬ ಕ್ರೈಸ್ತರ ತ್ರಿಯೇಕ ತತ್ತ್ವವು ಕ್ರಿ.ಶ. 325ರಲ್ಲಿ ನೈಸಿಯ ನಗರದಲ್ಲಿ ನಡೆದ ಬಿಷಪ್‌ಗಳ ಸಭೆಯಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಅಪ್ಪಣೆಯಿಂದ ಒಮ್ಮೆಲೇ ಹುಟ್ಟಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುವ ರೂಢಿ ಅದಕ್ಕೂ ಬಹಳ ಹಿಂದಿನದು. ಮಗನು ಸೃಷ್ಟಿಗೊಂಡವನು, ಅವನಿಲ್ಲದ ಕಾಲವೊಂದಿತ್ತು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ವಾದಿಸಿದ್ದರಿಂದ ಸಭೆ ಕರೆಯಬೇಕಾಯಿತು. ಮಗನು ತಂದೆಯೊಡನೆ ಏಕಸತ್ತ್ವದವನು, ಅಂದರೆ ಇಬ್ಬರ ಮೂಲಸತ್ತ್ವ ಒಂದೇ ಎಂದು ಅಲ್ಲಿ ತೀರ್ಮಾನವಾದರೂ ಜಗಳ ನಿಲ್ಲಲಿಲ್ಲ. ಆ ತೀರ್ಮಾನವನ್ನು ಬಿಟ್ಟುಕೊಡದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಐದು ಬಾರಿ ಗಡೀಪಾರಾದನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಕೇಳಿದರೆ ಜನಿತ-ಅಜನಿತಗಳ (ಹುಟ್ಟಿದ ಮಗ, ಹುಟ್ಟಿಲ್ಲದ ತಂದೆ) ಉಪದೇಶವೂ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಅವನಿಗಿಂತ ಕೆಳಗಿನವನು ಎಂಬ ಉತ್ತರವೂ ಸಿಗುತ್ತದೆಂದು ಅದೇ ಶತಮಾನದ ಬಿಷಪ್ ನಿಸ್ಸದ ಗ್ರೆಗರಿ ದೂರಿದ್ದಾನೆ (ಆ ದೂರಿನಲ್ಲಿ ಹಾಸ್ಯವೂ ಇದೆಯೆಂದು ನನಗನ್ನಿಸುತ್ತದೆ). ಪವಿತ್ರಾತ್ಮನನ್ನೂ ತಂದೆ-ಮಗರೊಡನೆ ಆರಾಧಿಸಬೇಕೆಂಬ ಮಾತು ಸೇರಿದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಉಳಿದುಬಂದ ವಿಶ್ವಾಸಪ್ರಮಾಣದಲ್ಲಿ.