ಅದು ಇಲ್ಲೇ ಆಗಿದ್ದರೆ ಒಳ್ಳೆಯದಿತ್ತಲ್ಲವೇ?

2025ರ ಫೆಬ್ರವರಿಯಲ್ಲಿ, ಪೋರ್ಚುಗಲ್ಲಿನ ದಕ್ಷಿಣದ ಅಲ್ಗಾರ್ವ್ ಕರಾವಳಿಯಲ್ಲಿ, ನಮ್ಮ ಯಜಮಾನರಿಗೆ ಹೃದಯಾಘಾತವಾಯಿತು. ಗೋವಾದ ವಾಸ್ಕೋಗೆ ಮರಳಿದ ಮೇಲೆ ನೋಡಲು ಬಂದ ನೆಂಟರು, ಕನ್ನಡ ಸಂಘದವರು, ಧಾರವಾಡದಿಂದ ಫೋನ್ ಮಾಡಿದ ನಾದಿನಿ, ಎಲ್ಲರದೂ ಒಂದೇ ಪ್ರಶ್ನೆ: ‘ಗುರುತು ಪರಿಚಯವಿಲ್ಲದ ದೇಶದಲ್ಲಿ ಆಗುವ ಬದಲು ಇಲ್ಲೇ ಆಗಿದ್ದರೆ ಒಳ್ಳೆಯದಿತ್ತಲ್ಲವೇ?’ ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ನಾನು ‘ಹೌದು’ ಎಂದರೆ ಅವರಿಗೆ ಸಮಾಧಾನ. ಆದರೆ ಹಾಗೆನ್ನಲು ನನಗೆ ನಾಲಿಗೆ ಏಳುವುದಿಲ್ಲ, ‘ಇಲ್ಲ’ ಎಂದರೆ ಅರ್ಧ ಸುಳ್ಳಾಗುತ್ತದೆ. ಚಹಾ ಆರುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

‘ಗೋವಾದಲ್ಲಿದ್ದುಕೊಂಡು ಸಮುದ್ರ ಹುಡುಕಲು ಹೋದಿರಾ?’ ಎಂದು ನಗುವವರಿಗೆ ಮೊದಲು ಉತ್ತರಿಸಿಬಿಡುತ್ತೇನೆ. ಸಮುದ್ರಕ್ಕಾಗಿ ಹೋದದ್ದಲ್ಲ, ಮಗನಿಗಾಗಿ. ಅವನು ಡಬ್ಲಿನ್‌ನಲ್ಲಿದ್ದಾನೆ. ಅಲ್ಲಿಯ ಚಳಿ ಮಳೆ ನಮ್ಮ ಮೊಣಕಾಲುಗಳಿಗೆ ಆಗಿಬರುವುದಿಲ್ಲ. ಡಬ್ಲಿನ್‌ನಿಂದ ನೇರ ವಿಮಾನ ಹತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಅಲ್ಗಾರ್ವ್‌ನ ಫಾರೋ ಬರುತ್ತದೆ. ಯುರೋಪಿನಲ್ಲಿ ಚಳಿಗಾಲದಲ್ಲೂ ಬಿಸಿಲು ಕಾಣುವ ಮೂಲೆಗಳಲ್ಲಿ ಅದೂ ಒಂದು. ಜೊತೆಗೆ ಪೋರ್ಚುಗಲ್ಲಿನ ಡಿ7 ವೀಸಾ. ಪಿಂಚಣಿ, ಬಾಡಿಗೆಯಂಥ ಸ್ಥಿರ ಆದಾಯ ಪೋರ್ಚುಗಲ್ಲಿನ ಕನಿಷ್ಠ ವೇತನದಷ್ಟಾದರೂ ಇದೆ ಎಂದು ತೋರಿಸಿದವರಿಗೆ ಅವರು ವಾಸದ ಪರವಾನಗಿ ಕೊಡುತ್ತಾರೆ. 2025ರಲ್ಲಿ ಆ ವೇತನ ತಿಂಗಳಿಗೆ 870 ಯೂರೋ, ಸಂಗಾತಿಗಾಗಿ ಅದರ ಅರ್ಧ ಹೆಚ್ಚಿಗೆ. ಯಜಮಾನರ ಬಂದರಿನ ಪಿಂಚಣಿ, ನನ್ನ ಬ್ಯಾಂಕಿನ ಪಿಂಚಣಿ, ಧಾರವಾಡದ ಮನೆಯ ಬಾಡಿಗೆ ಎಲ್ಲ ಕೂಡಿಸಿದರೆ ಲೆಕ್ಕ ಹೊಂದುತ್ತಿತ್ತು. ವರ್ಷದ ಕೆಲವು ತಿಂಗಳು ಅಲ್ಲಿ ಇರಬಹುದೇ ಎಂದು ಕಣ್ಣಾರೆ ನೋಡಿ ಬರಲು ಪ್ರವಾಸಿ ವೀಸಾದಲ್ಲಿ ಹೊರಟೆವು.

ಬೇಸಿಗೆಯಲ್ಲಿ ಹೋಗಬಾರದು, ಜನರಿಲ್ಲದ ಕಾಲದಲ್ಲಿ ಊರಿನ ನಿಜ ತಿಳಿಯುತ್ತದೆ ಎಂಬುದು ಯಜಮಾನರ ಹಟ. ಅದು ಸರಿಯೇ ಆಗಿತ್ತು. ಹೊರಗೆ ಬಾದಾಮಿ ಮರಗಳು ಎಲೆ ಬಿಡುವ ಮೊದಲೇ ಬಿಳಿ ಹೂ ಹೊತ್ತು ನಿಂತಿದ್ದವು, ಕಡಲತೀರದಲ್ಲಿ ಅರ್ಧ ಹೋಟೆಲುಗಳಿಗೆ ಬೀಗ. ಹೊರಗಿನ ಬಿಸಿಲು ಮನೆಯೊಳಗೆ ಬರುವುದಿಲ್ಲ ಎಂಬುದೂ ಗೊತ್ತಾಯಿತು. ದಪ್ಪ ಗೋಡೆ, ಟೈಲ್ಸ್ ನೆಲ, ಹೀಟರ್ ಬೇಕಾದರೆ ನೀವೇ ತಂದುಕೊಳ್ಳಬೇಕು. ರಾತ್ರಿ ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆವು. ಮನೆ ತೋರಿಸುವ ಏಜೆಂಟ್ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟದ ಕಡೆಯ ಒಂದು ಹಳ್ಳಿಗೂ ಕರೆದೊಯ್ದ. ಸುಣ್ಣ ಬಳಿದ ಮನೆ, ಅಂಗಳದಲ್ಲಿ ನಿಂಬೆ ಮರ, ದೂರದಲ್ಲಿ ಸಮುದ್ರದ ಗೆರೆ. ಯಜಮಾನರು ಅಲ್ಲೇ ಮನಸ್ಸು ಕೊಟ್ಟುಬಿಟ್ಟರು. ಬಸ್ ದಿನಕ್ಕೆ ಎಷ್ಟು ಬರುತ್ತದೆ ಎಂದು ನಾನು ಕೇಳಿದ್ದಕ್ಕೆ ಏಜೆಂಟ್ ನಿಂಬೆ ಮರವನ್ನೇ ಇನ್ನೊಮ್ಮೆ ತೋರಿಸಿದ.

ತಾವಿರಾ ಎಂಬ ಊರಿನಲ್ಲಿ, ಹಳೆಯ ಕೋಟೆಯ ಕಡೆಗೆ ಏರುವ ಕಲ್ಲು ಹಾಸಿನ ಓಣಿಯಲ್ಲಿ ಅವರು ನಿಂತುಬಿಟ್ಟರು. ‘ಅಸಿಡಿಟಿ ಅಷ್ಟೇ. ಮಧ್ಯಾಹ್ನದ ಚೀಸ್ ಆಮ್ಲೆಟ್ಟಿನ ಕೆಲಸ. ಒಂದು ಗೋಲಿ ಸೋಡಾ ಸಿಕ್ಕಿದ್ದರೆ ಸಾಕಿತ್ತು’ ಎಂದರು. ಅದನ್ನು ಹೇಳುವಾಗ ಎಡಗೈ ದವಡೆಯನ್ನು ಒತ್ತಿ ಹಿಡಿದಿತ್ತು. ಹದಿನಾರು ಡಿಗ್ರಿಯ ತಂಪಿನಲ್ಲಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಸಿಡಿಟಿಗೆ ಯಾರ ಬೆನ್ನೂ ಹಾಗೆ ಒದ್ದೆಯಾಗುವುದಿಲ್ಲ. ನಾನು 112ಕ್ಕೆ ಕರೆ ಮಾಡಿದೆ. ಯುರೋಪಿಗೆಲ್ಲ ಅದೊಂದೇ ಸಂಖ್ಯೆ, ಈಗ ನಮ್ಮಲ್ಲೂ ಅದೇ. ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ವಯಸ್ಸು, ನೋವು ಎಲ್ಲಿ, ಬೆವರಿದೆಯೇ, ಮಾತನಾಡುತ್ತಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದಳು. ಎಲ್ಲಿದ್ದೇವೆಂದು ಹೇಳಲು ನನಗೆ ಗೊತ್ತಿದ್ದದ್ದು ಎದುರಿನ ಗಡಿಯಾರ ಗೋಪುರದ ಇಗರ್ಜಿ ಮಾತ್ರ. ಅಷ್ಟೇ ಸಾಕಾಯಿತು.

ಬಂದ ಆಂಬುಲೆನ್ಸಿನಿಂದ ಇಳಿದವರು ಅಗ್ನಿಶಾಮಕ ದಳದ ಸಮವಸ್ತ್ರದಲ್ಲಿದ್ದರು. ‘ಬೆಂಕಿ ಎಲ್ಲೂ ಬಿದ್ದಿಲ್ಲವಲ್ಲ’ ಎಂದು ಯಜಮಾನರು ಆ ಸ್ಥಿತಿಯಲ್ಲೂ ಕನ್ನಡದಲ್ಲಿ ಗೊಣಗಿದರು. ಆ ದೇಶದಲ್ಲಿ ಬಹಳಷ್ಟು ಆಂಬುಲೆನ್ಸ್‌ಗಳನ್ನು ನಡೆಸುವವರು ಅವರೇ. ಅವರ ಹಿಂದೆಯೇ ಒಂದು ಕಾರು ಬಂತು. ಅದರಲ್ಲಿ ವೈದ್ಯರು ಮತ್ತು ನರ್ಸ್. ಓಣಿಯಲ್ಲೇ ಅಂಗಿ ಬಿಚ್ಚಿ ಇಸಿಜಿ ತೆಗೆದರು, ಆಸ್ಪಿರಿನ್ ಅಗಿಯಲು ಕೊಟ್ಟರು, ಫಾರೋದ ಆಸ್ಪತ್ರೆಗೆ ಮೊದಲೇ ಸುದ್ದಿ ಮುಟ್ಟಿಸಿದರು. ದಾರಿ 40 ಕಿ.ಮೀ.ಗಿಂತ ಕಡಿಮೆ. ಆಸ್ಪತ್ರೆಯ ಬಾಗಿಲಲ್ಲಿ ಯಾವ ಕೌಂಟರಿನ ಮುಂದೆಯೂ ನಿಲ್ಲಿಸದೆ ಸೀದಾ ಕ್ಯಾಥ್ ಲ್ಯಾಬ್‌ಗೆ, ಅಂದರೆ ಹೃದಯದ ನಾಳ ತೆರೆಯುವ ಕೋಣೆಗೆ, ಕೊಂಡೊಯ್ದರು. ಮಣಿಕಟ್ಟಿನ ರಕ್ತನಾಳದಿಂದ ತಂತಿ ಹಾಯಿಸಿ ಸ್ಟೆಂಟ್ ಹಾಕಿದರು. ಹೃದಯಾಘಾತ ಎಂದು ಗೊತ್ತಾದ ಎರಡು ಗಂಟೆಯೊಳಗೆ ಮುಚ್ಚಿದ ನಾಳ ತೆರೆಯಬೇಕು, ಆಗದಿದ್ದರೆ ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡಬೇಕು ಎಂಬುದು ಅಲ್ಲಿಯ ಹೃದ್ರೋಗ ತಜ್ಞರ ನಿಯಮ. ಅವರು ಆ ಗಡುವಿನೊಳಗೇ ಮುಗಿಸಿದ್ದರು. ಹಣದ ಮಾತು ಎತ್ತಿದ್ದು ಮರುದಿನ, ಅದೂ ಪಾಸ್‌ಪೋರ್ಟ್ ಮತ್ತು ವಿಮೆಯ ಕಾಗದದ ಪ್ರತಿ ಕೇಳಲು.

ಈಗ ಅದೇ ನೋವು ವಾಸ್ಕೋದ ನಮ್ಮ ಮನೆಯಲ್ಲಿ ಬಂದಿದ್ದರೆ? ಮೊದಲನೆಯದಾಗಿ ‘ಅಸಿಡಿಟಿ’ ಎಂಬ ಮಾತಿಗೆ ಬೆಂಬಲ ಸಿಗುತ್ತಿತ್ತು. ಯಾರೋ ಜೀರಿಗೆ ಕಷಾಯ ಎನ್ನುತ್ತಿದ್ದರು, ಇನ್ಯಾರೋ ಸ್ವಲ್ಪ ಮಲಗಲಿ ಎನ್ನುತ್ತಿದ್ದರು. 108ರ ಗಾಡಿ ಬರುತ್ತದೆ, ಗೋವಾದಲ್ಲಿ ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ನಾವು ಮಕ್ಕಳ ಕಾರನ್ನೋ ರಿಕ್ಷಾವನ್ನೋ ಹುಡುಕುವ ಜನ. ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಮುಟ್ಟಲು ಜುವಾರಿ ನದಿ ದಾಟಬೇಕು. ಕೊರ್ಟಾಲಿಂನಲ್ಲಿ ಹಳೆಯ ಸೇತುವೆಯ ಮುಂದೆ ಸಂಜೆ ಹೊತ್ತು ಸಾಲುಗಟ್ಟಿ ನಿಂತ ದಿನಗಳನ್ನು ಇಲ್ಲಿಯ ಯಾರೂ ಮರೆತಿಲ್ಲ. ಹೊಸ ಸೇತುವೆಯ ಒಂದು ಬದಿ 2022ರ ಡಿಸೆಂಬರಿನಲ್ಲಿ, ಇನ್ನೊಂದು ಬದಿ ಮರುವರ್ಷದ ಡಿಸೆಂಬರಿನಲ್ಲಿ ತೆರೆದ ಮೇಲೆ ಆ ಭಯ ಹೋಯಿತು. ಈಗ ಹೋಗಿ ಮುಟ್ಟಬಹುದು, ಬದುಕಿಯೂ ಬದುಕಬಹುದು. ಆದರೂ ಮೊದಲ ಎರಡು ಗಂಟೆಯ ಮಟ್ಟಿಗೆ ನನ್ನ ಉತ್ತರ ಸ್ಪಷ್ಟ: ಅಲ್ಲಿ ಆದದ್ದೇ ವಾಸಿ. ಅಪರಿಚಿತ ಊರಾದ್ದರಿಂದ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ, ಸೀದಾ 112 ಒತ್ತಿದೆ. ಮನೆಯಲ್ಲಿದ್ದಿದ್ದರೆ ಮೊದಲು ನಾದಿನಿಗೆ ಫೋನ್ ಮಾಡುತ್ತಿದ್ದೆ.

ನಿಜವಾದ ಕಷ್ಟ ಶುರುವಾದದ್ದು ಜೀವ ಉಳಿಯಿತು ಎಂದು ಗೊತ್ತಾದ ಮೇಲೆ.

ನಮ್ಮ ಕಡೆ ಆಸ್ಪತ್ರೆ ಎಂದರೆ ರೋಗಿಯ ಜೊತೆಗಿರುವವರಿಗೂ ಪೂರ್ತಿ ದಿನದ ದುಡಿಮೆ. ಔಷಧ ತರಬೇಕು, ರಕ್ತದ ಮಾದರಿ ಒಯ್ದು ಕೊಡಬೇಕು, ಬಿಲ್ ಕಟ್ಟಬೇಕು, ಗಂಜಿ ತರಬೇಕು, ರಾತ್ರಿ ಮಂಚದ ಪಕ್ಕದಲ್ಲಿ ಒರಗಬೇಕು. ಬೈದುಕೊಳ್ಳುತ್ತೇವೆ, ಆದರೆ ಆ ಓಡಾಟದಲ್ಲಿ ಭಯ ಕರಗುತ್ತದೆ. ಅಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ. ‘ನೀವು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ, ನಾಳೆ ಭೇಟಿಯ ವೇಳೆಗೆ ಬನ್ನಿ’ ಎಂದು ನರ್ಸ್ ನಯವಾಗಿ ಹೇಳಿದಳು. ಯಾವ ಮನೆ? ಕೆಳಗೆ ತುರ್ತು ವಿಭಾಗದ ಹಜಾರದಲ್ಲಿ ಕುಳಿತೆ. ಅಲ್ಲಿ ಬರುವವರ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ: ಕೆಂಪಾದರೆ ತಕ್ಷಣ, ಕಿತ್ತಳೆಯಾದರೆ ಹತ್ತು ನಿಮಿಷ, ಹಳದಿಗೆ ಒಂದು ಗಂಟೆ, ಹಸಿರಿಗೆ ಎರಡು, ನೀಲಿಗೆ ನಾಲ್ಕು. ಇವು ಗುರಿಗಳು ಮಾತ್ರ. ಪಕ್ಕದಲ್ಲಿದ್ದ ಹಸಿರು ಪಟ್ಟಿಯ ಇಂಗ್ಲಿಷ್ ಮುದುಕರೊಬ್ಬರು ಪಾದ ಉಳುಕಿಸಿಕೊಂಡು ಬೆಳಿಗ್ಗೆಯಿಂದ ಕುಳಿತಿದ್ದರು. ಅಲ್ಲಿ ನೆಲೆಸುವ ಆಸೆಯುಳ್ಳವರು ಒಂದು ಮಧ್ಯಾಹ್ನ ಆ ಹಜಾರದಲ್ಲಿ ಕುಳಿತು ಬರಬೇಕು. ಏಜೆಂಟ್ ತೋರಿಸದ ಊರು ಅಲ್ಲಿ ಕಾಣುತ್ತದೆ.

ಯಜಮಾನರು ತಿನ್ನುತ್ತಿದ್ದ ಬಿಪಿ ಮಾತ್ರೆ ಯಾವುದು ಎಂಬ ಪ್ರಶ್ನೆ ಬಂದಾಗ ನಮ್ಮ ಕಂಪನಿ ಹೆಸರು ಅವರಿಗೆ ಗೊತ್ತಾಗಲಿಲ್ಲ. ಪರ್ಸಿನಲ್ಲಿದ್ದ ಸ್ಟ್ರಿಪ್ ತೆಗೆದು ಕೊಟ್ಟೆ. ವಾಸ್ಕೋದ ಅಂಗಡಿಯವ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದ ತುಂಡು ಅದು. ಬೆಳ್ಳಿ ಹಾಳೆಯ ಅಂಚಿನಲ್ಲಿ ‘ಸಾರ್ಟನ್’ ಎಂಬಷ್ಟು ಅಕ್ಷರ ಉಳಿದಿತ್ತು. ಯುವ ವೈದ್ಯೆ ಅದನ್ನು ಬೆಳಕಿಗೆ ಹಿಡಿದು ಓದಿ ತಲೆಯಾಡಿಸಿದಳು. ಟೆಲ್ಮಿಸಾರ್ಟನ್, ಲೋಸಾರ್ಟನ್ ಎಲ್ಲ ಒಂದೇ ಗುಂಪಿನವು, ಸದ್ಯಕ್ಕೆ ಅಷ್ಟು ಸಾಕು ಎಂದಳು. ಪ್ರಯಾಣ ಹೊರಡುವವರು ಮಾತ್ರೆಗಳ ಮೂಲ ಔಷಧದ ಹೆಸರನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಬ್ರ್ಯಾಂಡಿನ ಹೆಸರು ಗಡಿ ದಾಟಿದರೆ ಕೆಲಸಕ್ಕೆ ಬಾರದು.

ವೈದ್ಯರು ಇಂಗ್ಲಿಷ್ ಬಲ್ಲವರು, ರಾತ್ರಿ ಪಾಳಿಯ ದಾದಿ ಅಲ್ಲ. ಅಲ್ಲಿ ನನಗೆ ನೆರವಾದವರು ವಾಸ್ಕೋದ ನಮ್ಮ ಪಕ್ಕದ ಮನೆಯ ಆಂಟಿ. 1961ಕ್ಕೆ ಮೊದಲು ಪೋರ್ಚುಗೀಸ್ ಶಾಲೆಯಲ್ಲಿ ಕಲಿತವರು. ಫೆಬ್ರವರಿಯಲ್ಲಿ ಪೋರ್ಚುಗಲ್ಲಿನ ಗಡಿಯಾರ ನಮ್ಮ ದೇಶಕ್ಕಿಂತ ಐದೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿಯ ರಾತ್ರಿ ಊಟದ ಹೊತ್ತಿಗೆ ಆಂಟಿಗೆ ನಡುರಾತ್ರಿ. ಆದರೂ ವೀಡಿಯೋ ಕರೆಯಲ್ಲಿ ನೈಟಿಯ ಮೇಲೆ ಶಾಲು ಹೊದ್ದು ಕುಳಿತು, ಈ ಮನುಷ್ಯ ಮಾಂಸ ಮೀನು ತಿನ್ನುವುದಿಲ್ಲ, ಮೊಟ್ಟೆ ನಡೆಯುತ್ತದೆ, ಸೂಪಿಗೆ ಏನು ಹಾಕಿದ್ದೀರಿ ಎಂದು ದಾದಿಯನ್ನು ವಿಚಾರಿಸಿದರು. ಪಠ್ಯಪುಸ್ತಕದ ಆ ಹಳೆಯ ಪೋರ್ಚುಗೀಸ್ ಕೇಳಿ ದಾದಿಗೆ ನಗು ತಡೆಯಲಾಗಲಿಲ್ಲ, ಆದರೆ ಮರುದಿನದಿಂದ ತಟ್ಟೆಯಲ್ಲಿ ಮೀನು ಬರಲಿಲ್ಲ.

ವಿಮೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಚುಟುಕಾಗಿ ಹೇಳುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ಪ್ರವಾಸಿ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅದು ವೀಸಾಕ್ಕೆ ಬೇಕಾದ ಮೊತ್ತ, ಎಲ್ಲ ಖರ್ಚಿಗೂ ಸಾಲುತ್ತದೆ ಎಂಬ ಭರವಸೆಯಲ್ಲ. ಬಿಪಿ ಇರುವುದನ್ನು ಅರ್ಜಿಯಲ್ಲಿ ಬರೆದಿದ್ದೆವು. ಆದರೂ ವಿಮೆಯವರು ‘ಮೊದಲೇ ಇದ್ದ ಕಾಯಿಲೆಯೇ’ ಎಂದು ವರ್ಷಗಟ್ಟಲೆ ಹಳೆಯ ಚೀಟಿಗಳನ್ನು ಕೇಳಿದರು. ವಾಸ್ಕೋದ ಮನೆಯ ಕೀಲಿ ಆಂಟಿಯ ಬಳಿ ಇದ್ದದ್ದರಿಂದ ಕಪಾಟಿನ ಫೈಲು ಫೋಟೋ ಆಗಿ ಬಂತು. ಕೊನೆಗೆ ಕೊಟ್ಟರು, ತಿಂಗಳುಗಳಾದ ಮೇಲೆ.

ಮರುದಿನ ರಾತ್ರಿ ಮಗ ಬಂದ. ಡಿಸ್ಚಾರ್ಜ್ ಆದ ಮೇಲೆ ವಿಮಾನ ಹತ್ತಲು ವೈದ್ಯರ ಪತ್ರ, ವಿಮಾನ ಸಂಸ್ಥೆಯ ವೈದ್ಯಕೀಯ ನಮೂನೆ ಎರಡೂ ಬೇಕಾಗಿದ್ದವು. ಅಲ್ಲಿಯವರೆಗೆ ಬಾಡಿಗೆ ಫ್ಲ್ಯಾಟಿನಲ್ಲಿ ಕಾಯಬೇಕಿತ್ತು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಗನಿಗೆ ಕಚೇರಿಯ ಕೆಲಸ, ಅವರಿಗೆ ಮೆಟ್ಟಿಲು ಏರಿದರೆ ಹೆದರಿಕೆ, ನನಗೆ ಅವರು ನಿದ್ದೆಯಲ್ಲಿ ಹೊರಳಿದರೂ ಹೆದರಿಕೆ. ವಾಸ್ಕೋದಲ್ಲಾಗಿದ್ದರೆ ಆ ದಿನಗಳಲ್ಲಿ ಮನೆ ಜಾತ್ರೆಯಾಗುತ್ತಿತ್ತು. ಬಂದವರಿಗೆ ಚಹಾ ಮಾಡಿ ನಾನು ಸುಸ್ತಾಗುತ್ತಿದ್ದೆ, ಯಜಮಾನರು ಸ್ಟೆಂಟಿನ ಕಥೆಯನ್ನು ದಿನಕ್ಕೆ ಐದು ಸಲ ಹೇಳಿ ಹೇಳಿ ಭಯವನ್ನು ಸವೆಸಿಬಿಡುತ್ತಿದ್ದರು. ಅಲ್ಲಿ ಆ ಕಥೆ ಕೇಳುವವರೇ ಇರಲಿಲ್ಲ. ಸಂಜೆ ಬಾಲ್ಕನಿಯಲ್ಲಿ ಕುಳಿತು ಮಾತಿಲ್ಲದೆ ರಸ್ತೆ ನೋಡುತ್ತಿದ್ದರು. ಈ ಭಾಗಕ್ಕೆ ನನ್ನ ಉತ್ತರ: ಹೌದು, ಇಲ್ಲೇ ಆಗಿದ್ದರೆ ಒಳ್ಳೆಯದಿತ್ತು.

‘ಹಾಗಾದರೆ ಇನ್ನು ಹೋಗುವುದಿಲ್ಲ ತಾನೇ?’ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ಡಿ7ರ ಅರ್ಜಿಯನ್ನು ಬದಿಗಿಟ್ಟಿದ್ದೇವೆ. ಪ್ರವಾಸಿ ವೀಸಾದಲ್ಲಿ ಮೂರು ತಿಂಗಳೊಳಗೆ ಹೋಗಿ ಬರುವ ಮಾತು ಇನ್ನೂ ನಡೆದಿದೆ. ಯಜಮಾನರಿಗೆ ನಿಂಬೆ ಮರದ ಮನೆಯೇ ಬೇಕು. ನಾನು ಒಪ್ಪಿಲ್ಲ. ಫಾರೋ ಪಟ್ಟಣದೊಳಗೇ ಆಗಬೇಕು, ಲಿಫ್ಟ್ ಇರಬೇಕು, ಕೆಳಗೇ ಔಷಧ ಅಂಗಡಿ ಇರಬೇಕು, ನಾವಿರುವ ದಿನಗಳಲ್ಲಿ ಅರ್ಧದಷ್ಟಾದರೂ ಮಗ ಜೊತೆಯಲ್ಲಿರಬೇಕು. ಇವಿಷ್ಟೂ ಕೂಡಿಬಂದರೆ ಟಿಕೆಟ್ ತೆಗೆಸಲು ನನ್ನ ಅಭ್ಯಂತರವಿಲ್ಲ ಎಂದು ಹೇಳಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.