ಅಮ್ಮನ ಸಕ್ಕರೆ, ಬ್ರೋಕರ್ ಪೆನ್ಸಿಲ್

ಅಂತೂ ಇವತ್ತು ಅಮ್ಮನ ಹೆಲ್ತ್ ಇನ್ಶೂರೆನ್ಸ್ ಫಾರಂಗೆ ಸಹಿ ಬಿತ್ತು.

ಮೂರು ವಾರ ಮೊಬೈಲಿನಲ್ಲಿ ಪಾಲಿಸಿ ಹೋಲಿಸಿ ನೋಡಿ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಗೆಳೆಯ ಹೇಳಿದ ಬ್ರೋಕರ್ ಒಬ್ಬರನ್ನು ಗಾಂಧಿ ಬಜಾರಿಗೆ, ಕಾಫಿಗೆ ಕರೆದೆ. ಏಜೆಂಟ್ ಅಂದ್ರೆ ಕಂಪನಿ ಕಡೆಯವರು, ಬ್ರೋಕರ್ ಗಿರಾಕಿ ಕಡೆಯವರು. ಈ ವ್ಯತ್ಯಾಸವೇ ನನಗೆ ಗೊತ್ತಿರಲಿಲ್ಲ. (ಕಮಿಷನ್ ಮಾತ್ರ ಇಬ್ಬರಿಗೂ ಕಂಪನಿಯಿಂದಲೇ, ಅದೂ ನೆನಪಿರಲಿ.)

ನಾನು ಪ್ರೀಮಿಯಂ ಎಷ್ಟು ಅಂತ ಕೇಳುತ್ತಿದ್ದೆ. ಅವರು ಸುಮ್ನೆ ಪೆನ್ಸಿಲ್ ತೆಗೆದು ರೂಮ್ ಬಾಡಿಗೆಯ ಸಾಲಿನ ಕೆಳಗೆ ಗೀಟು ಎಳೆದರು. 5 ಲಕ್ಷದ ಪಾಲಿಸಿ, ದಿನಕ್ಕೆ ಶೇ 1ರ ಮಿತಿ, ಅಂದರೆ 5,000 ರೂಪಾಯಿ. 10,000ದ ರೂಮಿಗೆ ಸೇರಿದರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿಗೂ ಅದೇ ಲೆಕ್ಕದಲ್ಲಿ ಅರ್ಧವೇ ಸಿಗಬಹುದು. ಅಗ್ಗ ಅಂತ ನಾನು ಆರಿಸಿಟ್ಟಿದ್ದ ಪಾಲಿಸಿ ಅದೇ! ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿಳಿಯುವ ಮನೆ ನಮ್ಮದು. ಈ ಕಾಗದವನ್ನು ಮಾತ್ರ ಓದದೇ ಸಹಿ ಹಾಕಲು ಹೊರಟಿದ್ದೆವು.

ಆಮೇಲೆ ಕಾಯಿಲೆಗಳ ಕಾಲಂ ಬಂತು. "ಶುಗರ್ ಬರೀಬೇಡ ಕಣೋ, ದುಡ್ಡು ಜಾಸ್ತಿ ಕೇಳ್ತಾರೆ," ಅಮ್ಮ ಪಿಸುಗುಟ್ಟಿದರು. ಬ್ರೋಕರ್‌ಗೆ ಕೇಳಿಸಿಬಿಟ್ಟಿತು. "ಬರೀರಿ ಅಮ್ಮಾ. ಶುಗರ್‌ಗೆ ಕ್ಲೇಮ್ ಸಿಗೋಕೆ ಹೆಚ್ಚೆಂದರೆ 3 ವರ್ಷ ಕಾಯಬೇಕು. 2024ಕ್ಕೆ ಮೊದಲು 4 ಇತ್ತು. ಮುಚ್ಚಿಟ್ರೆ ಕ್ಲೇಮೇ ಹೋಗಬಹುದು."

ಅಮ್ಮ ದೊಡ್ಡ ಅಕ್ಷರದಲ್ಲಿ ಬರೆಸಿದರು. ಮಾಣಿ ಬಂದಾಗ ನನ್ನ ಕಡೆ ನೋಡದೇ ಹೇಳಿದರು: "ನನ್ನ ಕಾಫಿಗೆ ಸ್ವಲ್ಪ ಸಕ್ಕರೆ ಇರಲಪ್ಪ."