ಎಂಟನೇ ಕ್ಲಾಸಿನ ಮಕ್ಕಳ ಮನಸ್ಸು ಅಳೆಯುವಾಗ

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಏಳನೆಯವರೆಗೆ ಊರಿನ ಯುಪಿ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಎಂಟನೆಯದಕ್ಕೆ ಹೈಸ್ಕೂಲಿಗೆ ಹೋದಾಗ ಗೆಳೆಯರು, ಟೀಚರು, ಬಸ್ಸು ಎಲ್ಲ ಒಟ್ಟಿಗೇ ಹೊಸತು. ಅವರಿಗೆ ಎಸ್‌ಡಿಕ್ಯೂ, ಅಂದರೆ ಮಕ್ಕಳ ಮನಸ್ಸು-ನಡವಳಿಕೆಯ ಕಷ್ಟ ಮತ್ತು ಒಳ್ಳೆಯ ಗುಣ ಅಳೆಯುವ ಪ್ರಶ್ನಾವಳಿ ಕೊಡುವುದಾದರೆ ಜೂನ್‌ನಲ್ಲಿ ಕೊಡಬೇಡಿ. ಅದು ಕೇಳುವುದು ಹಿಂದಿನ ಆರು ತಿಂಗಳ ವಿಷಯ. ಉತ್ತರ ಹಳೆಯ ಶಾಲೆಯದ್ದಾಗುತ್ತದೆ. ನವೆಂಬರ್ ಕೊನೆ ವಾಸಿ, ಕ್ರಿಸ್ಮಸ್ ಪರೀಕ್ಷೆಯ ವಾರವಂತೂ ಬೇಡ.

ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿ 25 ವಾಕ್ಯಗಳಿವೆ. ಮಕ್ಕಳೇ ತುಂಬುವ ನಮೂನೆ 11ರಿಂದ 17 ವರ್ಷದವರಿಗೆ. ಪ್ರತಿ ವಾಕ್ಯಕ್ಕೆ ‘ನಿಜವಲ್ಲ’ ಎಂದರೆ 0, ‘ಸ್ವಲ್ಪ ನಿಜ’ ಎಂದರೆ 1, ‘ಖಂಡಿತ ನಿಜ’ ಎಂದರೆ 2 ಅಂಕ. ಇತರರಿಗೆ ನೆರವಾಗುವ ಗುಣದ ಐದು ವಾಕ್ಯ ಬಿಟ್ಟು ಉಳಿದ 20ನ್ನು ಕೂಡಿಸಿದರೆ ಹೆಚ್ಚೆಂದರೆ 40. 15ರವರೆಗೆ ಸಾಮಾನ್ಯ, 16–19 ಗಡಿ, 20 ಅಥವಾ ಅದಕ್ಕಿಂತ ಹೆಚ್ಚಾದರೆ ಗಮನ ಬೇಕು.

ಲೆಕ್ಕ ತಪ್ಪುವುದು 7, 11, 14, 21, 25ನೇ ವಾಕ್ಯಗಳಲ್ಲಿ. ಇವು ಒಳ್ಳೆಯ ಮಾತುಗಳು, ಅಂಕ ತಿರುಗಿಸಿ ಹಾಕಬೇಕು. ‘ನನಗೊಬ್ಬ ಒಳ್ಳೆಯ ಗೆಳೆಯನಿದ್ದಾನೆ’ ಎಂಬರ್ಥದ 11ನೆಯದಕ್ಕೆ ‘ಖಂಡಿತ ನಿಜ’ ಎಂದವನಿಗೆ ಸೊನ್ನೆ. ಐದನ್ನೂ ತಿರುಗಿಸದೆ ಬಿಟ್ಟರೆ 8 ಬರಬೇಕಾದ ಮಗು 18ಕ್ಕೆ ಹೋಗಿ ನಿಲ್ಲಬಹುದು. ಸುಮ್ಮನೆ ಒಂದು ಮನೆಯವರಿಗೆ ಗಾಬರಿ!

ತುಂಬಿಸುವಾಗ ಒಂದು ಬೆಂಚಿಗೆ ಇಬ್ಬರೇ, ನಡುವೆ ಬ್ಯಾಗು. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಆಡುವ ಮಕ್ಕಳಿಗಾಗಿ ವಾಕ್ಯವನ್ನು ನಿಧಾನಕ್ಕೆ ಎರಡು ಸಲ ಓದಿ. ನಿಮ್ಮ ಉದಾಹರಣೆ ಸೇರಿಸಬೇಡಿ, ಇಡೀ ಕ್ಲಾಸು ಅದಕ್ಕೇ ಉತ್ತರಿಸುತ್ತದೆ. ಕ್ಲಾಸ್ ಟೀಚರು ಸಾಲುಗಳ ನಡುವೆ ಓಡಾಡುವುದೂ ಬೇಡ.

ತಲೆನೋವು, ಹೊಟ್ಟೆನೋವು ಕೇಳುವ 3ನೇ ವಾಕ್ಯಕ್ಕೆ 2 ಬಂದರೆ ‘ನಾಟಕ’ ಎನ್ನಬೇಡಿ. ನೋವು ನಿಜ. ಬರುವುದು ಯಾವ ದಿನ, ಯಾವ ಪಿರಿಯಡ್ಡಿಗೆ ಮುಂಚೆ ಎಂದು ಕೇಳಿ. ರಕ್ತಹೀನತೆ, ಕಣ್ಣಿನ ತೊಂದರೆಯನ್ನೂ ನೋಡಿಸಿ.

ಮಗು ಕಷ್ಟವನ್ನು ನಿಭಾಯಿಸುವ ಬಗೆ ಈ ಪ್ರಶ್ನಾವಳಿಯಲ್ಲಿ ಸಿಗುವುದಿಲ್ಲ, ಬೇರೆಯೇ ಕೇಳಬೇಕು. ಈಚಿನ ಒಂದೇ ಘಟನೆ ಹಿಡಿಯಿರಿ: ಮಾರ್ಕು ಎಲ್ಲರೆದುರು ಓದಿದರು ಎಂದಿಟ್ಟುಕೊಳ್ಳಿ. ‘ಆಗ ಏನು ಮಾಡಿದೆ? ಅದರಿಂದ ಎಷ್ಟು ಹಗುರಾಯ್ತು?’ ಎರಡನೆಯ ಪ್ರಶ್ನೆಯೇ ಮುಖ್ಯ. ಮನಸ್ಸು ಬೇರೆಡೆ ಹರಿಸುವುದು ಯಾವಾಗಲೂ ಕೆಟ್ಟದಲ್ಲ; ಅಪ್ಪನ ಕುಡಿತವನ್ನು ಹನ್ನೆರಡರ ಮಗು ಬಿಡಿಸಲಾಗದು, ಆ ಹೊತ್ತು ಕ್ರಿಕೆಟಿಗೆ ಹೋಗುವುದೇ ಅದಕ್ಕೆ ಆಸರೆ. ಆದರೆ ಪಾಠ ಅರ್ಥವಾಗದಾಗಲೂ ಅದೇ ಮಾಡಿದರೆ ಹಿಂದೆ ಬೀಳುತ್ತದೆ.

ಈ ಅಂಕ ರೋಗನಿರ್ಣಯವಲ್ಲ. ಸಾಯುವ ಯೋಚನೆಯ ಬಗ್ಗೆ ಇದು ಕೇಳುವುದೂ ಇಲ್ಲ, ಹಾಗಾಗಿ ಕಡಿಮೆ ಅಂಕ ನೋಡಿ ನಿಶ್ಚಿಂತರಾಗಬೇಡಿ. ಅಂಥ ಮಾತು ಬಂದರೆ ಅದೇ ದಿನ ಕೌನ್ಸಿಲರ್ ಮತ್ತು ಮನೆಯವರು. ಮನೆಯೇ ಭಯವಾದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕಿರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ.